ದೊಡ್ಡಪ್ಪನ ಮೈಕಿಗೊಂದು ಡಬ್ಬಿ

ನಮ್ಮ ಮನೆಯಲ್ಲಿ ಈಗ ಕೆಲವು ವಾರಗಳಿಂದ ಒಂದು ಡಬ್ಬಿಯ ಆಯ್ಕೆ ನಡೆಯುತ್ತಿದೆ. ಮಗಳು ಮನೆಯಲ್ಲೇ ಕೂತು ಯಾರ ಯಾರದೋ ವಿಡಿಯೋಗಳಿಗೆ ಹಿನ್ನೆಲೆ ಧ್ವನಿ ಕೊಡುತ್ತಾಳೆ. ಒಂದು ದಿನ ಸಿಮೆಂಟಿನ ಗುಣಗಾನ, ಮರುದಿನ ಮಂಡಿನೋವಿನ ಎಣ್ಣೆ. ಇದಕ್ಕೆ ಮೈಕಿಗೂ ಕಂಪ್ಯೂಟರಿಗೂ ನಡುವೆ ಅಂಗೈಯಗಲದ ಒಂದು ಪೆಟ್ಟಿಗೆ ಬೇಕಂತೆ. ಬೆಲೆ ಕಡಿಮೆ ಇರಬೇಕು, ಧ್ವನಿ ಮಾತ್ರ ದುಬಾರಿ ಅನ್ನಿಸಬೇಕು. ಒಂದರಲ್ಲಿ ಗುಂಡಿ ಜಾಸ್ತಿ, ಇನ್ನೊಂದರಲ್ಲಿ ಗುಂಯ್ ಸದ್ದು ಕಡಿಮೆ, ಮತ್ತೊಂದು ಎಲ್ಲ ರೀತಿಯಿಂದಲೂ ಚೆನ್ನ, ಆದರೆ ಬಣ್ಣ ಕೆಂಪು. ನಮ್ಮ ಕಡೆ ಗಂಡು ಗೊತ್ತು ಮಾಡುವಾಗಲೂ ಇಷ್ಟು ವಿಚಾರಿಸುವುದಿಲ್ಲ. ಕಡೆಗೊಂದು ಸಂಜೆ, ಬೇರೆ ಯಾರೂ ಸಿಗದೆ, ಅವಳು ನನ್ನ ಅಭಿಪ್ರಾಯ ಕೇಳಿದಳು. ನಾನು ಗಂಭೀರವಾಗಿ "ತೂಕ ಎಷ್ಟಿದೆ?" ಎಂದೆ. ಅವಳು ನನ್ನನ್ನೊಮ್ಮೆ ನೋಡಿ ಎದ್ದು ಒಳಗೆ ಹೋದಳು.

ತೂಕ ಕೇಳಿದ್ದು ನನ್ನ ಬುದ್ಧಿಯಲ್ಲ ಸ್ವಾಮಿ. ಅದು ನಮ್ಮ ದೊಡ್ಡಪ್ಪ ಬಕ್ಕೇಶಪ್ಪನವರಿಂದ ಬಂದದ್ದು. ಅವರದು ದಾವಣಗೆರೆಯ ಮಂಡಿಪೇಟೆಯಲ್ಲಿ ದಲಾಲಿ ಅಂಗಡಿ. ಮೆಕ್ಕೆಜೋಳ, ಶೇಂಗಾ ಇವುಗಳನ್ನು ಒಂದು ಬೊಗಸೆ ಎತ್ತಿ, ಅಂಗೈಯಲ್ಲಿ ಕುಣಿಸಿ, ಕಣ್ಣು ಮುಚ್ಚಿಕೊಂಡು ಬೆಲೆ ಕಟ್ಟುತ್ತಿದ್ದರು. ಆಯುಷ್ಯವೆಲ್ಲ ಇದನ್ನೇ ಮಾಡಿ ಮಾಡಿ ಅವರಿಗೆ ಲೋಕವೇ ಒಂದು ಬೊಗಸೆ ಕಾಳಾಗಿಬಿಟ್ಟಿತ್ತು. ಕನ್ನಡಕ ಕೊಳ್ಳುವಾಗಲೂ ಕಣ್ಣಿಗೆ ಏರಿಸುವ ಮೊದಲು ಅಂಗೈಯಲ್ಲಿಟ್ಟು ಕುಣಿಸುತ್ತಿದ್ದರು. ಹಗುರವಾದ ಸಕಲ ವಸ್ತುಗಳಿಗೂ ಅವರಲ್ಲಿ ಇದ್ದದ್ದು ಒಂದೇ ಹೆಸರು, ಜೊಳ್ಳು. ನಾನು ಪಾಸಾದಾಗ ನನ್ನ ಡಿಗ್ರಿ ಸರ್ಟಿಫಿಕೇಟನ್ನು ಕೂಡ ಹಾಗೆಯೇ ತೂಗಿ ನೋಡಿ, ಏನೂ ಹೇಳದೆ ವಾಪಸು ಕೊಟ್ಟಿದ್ದರು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಊರಿನಲ್ಲಿ ಕಂಪ್ಯೂಟರ್ ಎಂದರೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ದರ್ಶನ ಮಾಡಿಕೊಂಡು ಬರುವ ವಸ್ತು. ಊರಿಗೆ ಯಾವ ಸುದ್ದಿ ಮುಟ್ಟಿಸಬೇಕಾದರೂ ಪ್ರಚಾರದ ಆಟೋವೇ ಗತಿ. ಮೇಲೆರಡು ಹಾರ್ನ್ ಕಟ್ಟಿಕೊಂಡು, ಒಳಗೆ ಕ್ಯಾಸೆಟ್ ಹಾಕಿಕೊಂಡು ಓಣಿ ಓಣಿ ಸುತ್ತುತ್ತಿತ್ತು. ಸೀರೆ ಮಾರಾಟವೂ ಅದರಲ್ಲೇ, ನಲ್ಲಿ ನೀರು ಬರುವುದಿಲ್ಲ ಎಂಬುದೂ ಅದರಲ್ಲೇ, ದೊಡ್ಡ ಮನುಷ್ಯರು ತೀರಿಕೊಂಡ ಸುದ್ದಿಯೂ ಅದರಲ್ಲೇ.

ದೊಡ್ಡಪ್ಪನ ಆಪ್ತ ಸ್ನೇಹಿತರೊಬ್ಬರು ತೀರಿಕೊಂಡಾಗಲೂ ಆಟೋ ಬಂತು. ಧ್ವನಿ ಮಡಕೆಯ ತಳದಿಂದ ಬಂದಂತಿತ್ತು. ಅದಾದರೂ ಹೋಗಲಿ ಅಂದರೆ, ಓದಿದವನು ಹಿಂದಿನ ವಾರ ಬೆಡ್‌ಶೀಟ್ ಮೇಳದ ಪ್ರಚಾರ ಮಾಡಿದ್ದ ಅದೇ ಮನುಷ್ಯ, ಅದೇ ಹುರುಪು. ಸಾವಿನ ಸುದ್ದಿ ಮುಗಿದದ್ದೇ ತಡ, ಕ್ಯಾಸೆಟ್ಟಿನಲ್ಲಿ ಉಳಿದಿದ್ದ ಬೆಡ್‌ಶೀಟ್ ಮೇಳ ಶುರುವಾಯಿತು. ಅಂತಿಮ ದರ್ಶನಕ್ಕೆ ಬನ್ನಿ ಎಂದ ಬಾಯಲ್ಲೇ ಕುಟುಂಬ ಸಮೇತ ಬನ್ನಿ ಎಂದು ಕರೆಯುತ್ತ ಆಟೋ ತಿರುವಿನಲ್ಲಿ ಮರೆಯಾಯಿತು.

ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪ ನನ್ನ ಕಡೆ ತಿರುಗಿದರು. "ಮನುಷ್ಯ ಸತ್ತಾನೋ, ಇಲ್ಲ ಡಿಸ್ಕೌಂಟ್‌ನಾಗೆ ಇಟ್ಟಾರೋ? ನಾಳೆ ನಂದೂ ಹಿಂಗೇ ಆಗ್ತೈತಲ್ಲೋ ಮಂಜಾ!"

ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ನನ್ನನ್ನು ಕರೆಸಿ ತೀರ್ಮಾನ ಹೇಳಿದರು. "ನನ್ನ ಸಾವಿನ ಸುದ್ದಿ ನಾನೇ ಹೇಳಿ ಇಟ್ಟು ಹೋಗ್ತೀನಿ. ಯಾವನ ಹಂಗೂ ಬ್ಯಾಡ. ನೀನು ಟೇಪ್ ಮಾಡ್ಕೋ."

ನನ್ನನ್ನೇ ಯಾಕೆ ಕರೆಸಿದರು ಎಂದು ನೀವು ಕೇಳಬಹುದು. ನಾನಾಗ ಒಂದು ಕಾಲೇಜಿನಲ್ಲಿ ಗುಮಾಸ್ತ. ವಾರ್ಷಿಕೋತ್ಸವದಲ್ಲಿ ಒಮ್ಮೆ ವೇದಿಕೆ ಹತ್ತಿ "ಹಲೋ, ಮೈಕ್ ಟೆಸ್ಟಿಂಗ್" ಎಂದಿದ್ದೆ. ನಮ್ಮ ವಂಶದಲ್ಲಿ ಅಷ್ಟು ಸಾಕು, ನಾನು ಧ್ವನಿ ವಿಷಯದ ಪಂಡಿತನಾಗಿಬಿಟ್ಟಿದ್ದೆ.

ನಿಜ ಹೇಳಬೇಕೆಂದರೆ ನಮ್ಮ ವಂಶದಲ್ಲಿ ಅಸಲಿ ಪಂಡಿತರೊಬ್ಬರಿದ್ದರು, ಹರಿಹರದ ಚಿಕ್ಕಪ್ಪ ಕೊಟ್ರೇಶಪ್ಪ. ದೊಡ್ಡಪ್ಪನ ಕಿರಿಯ ತಮ್ಮ. ಅಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟುಕೊಂಡಿದ್ದರು. ಆದರೆ ಅಣ್ಣತಮ್ಮಂದಿರಿಗೆ ಮಾತು ನಿಂತು ಏಳೆಂಟು ವರ್ಷವಾಗಿತ್ತು. ಆಸ್ತಿಗಾಗಿ ಅಲ್ಲ, ಹೋಳಿಗೆಗಾಗಿ. ದೊಡ್ಡಪ್ಪನ ಮಗಳ ಮದುವೆಗೆ ಚಿಕ್ಕಪ್ಪನದೇ ಮೈಕು. ಊಟದ ಹೊತ್ತಿಗೆ ದೊಡ್ಡಪ್ಪ ಮೈಕಿನ ಪಕ್ಕದಲ್ಲೇ ನಿಂತು ಬಡಿಸುವವನ ಕಿವಿಯಲ್ಲಿ, "ಬೀಗರ ಸಾಲಿಗೆ ಎರಡೆರಡೇ ಹೋಳಿಗೆ ಹಾಕು, ಮೂರನೇದು ಕೇಳಿದ್ರೆ ತುಪ್ಪ ತೋರ್ಸಿ ಮುಂದೆ ಹೋಗು" ಎಂದರು. ಮೈಕು ಆನ್ ಇತ್ತು. ನಾಲ್ಕು ಹಾರ್ನಿನಲ್ಲಿ ಆ ಗುಟ್ಟು ಕಲ್ಯಾಣಮಂಟಪಕ್ಕೂ ಎದುರಿನ ಬಸ್ ಸ್ಟಾಪಿಗೂ ಏಕಕಾಲಕ್ಕೆ ತಲುಪಿತು. ಬೀಗರು ಎರಡನೆಯ ಹೋಳಿಗೆಯನ್ನೂ ಎಲೆಯಲ್ಲೇ ಬಿಟ್ಟು ಎದ್ದರು. ತಮ್ಮ ಬೇಕೆಂದೇ ಮೈಕು ಆರಿಸಿರಲಿಲ್ಲ ಎಂದು ದೊಡ್ಡಪ್ಪ. ಮೈಕಿನ ಮುಂದೆ ಮಾತಾಡಿದರೆ ಕೇಳಿಸದೆ ಇನ್ನೇನಾಗುತ್ತದೆ ಎಂದು ಚಿಕ್ಕಪ್ಪ. ಅಲ್ಲಿಗೆ ಮುಗಿಯಿತು. ಇವರಿಬ್ಬರ ನಡುವಿನವರು ನಮ್ಮಪ್ಪ ಗುರುಬಸಪ್ಪ. ನಡುವಿನವರಾದ್ದರಿಂದ ಯಾರ ಪರವೂ ಆಡದೆ ಬಾಯಿ ಮುಚ್ಚಿಕೊಂಡಿರುವುದನ್ನೇ ಒಂದು ಉದ್ಯೋಗ ಮಾಡಿಕೊಂಡಿದ್ದರು.

ಮೊದಲು ನನ್ನ ಹಳೆಯ ಟೇಪ್ ರೆಕಾರ್ಡರಿಗೆ ನೇರವಾಗಿ ಮೈಕು ಸಿಕ್ಕಿಸಿ ನೋಡಿದೆವು. ಸ್ನೇಹಿತರ ಸುದ್ದಿ ಮಡಕೆಯ ತಳದಿಂದ ಬಂದಿದ್ದರೆ ಇದು ಬಾವಿಯ ತಳದಿಂದ ಬಂತು. ರೇಡಿಯೋ ರಿಪೇರಿಯವರನ್ನು ಕೇಳಿದ್ದಕ್ಕೆ, ಮೈಕಿಗೂ ಟೇಪಿಗೂ ನಡುವೆ ಧ್ವನಿಯನ್ನು ಹದ ಮಾಡಿ ಕಳಿಸುವ ಒಂದು ಡಬ್ಬಿ ಇರಬೇಕು ಎಂದರು. ಸರಿ, ದೊಡ್ಡಪ್ಪನನ್ನು ಕರೆದುಕೊಂಡು ಹೊಸದಾಗಿ ತೆರೆದಿದ್ದ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆ. ಅಂಗಡಿಯಾತ ಬೇರೆ ಊರಿನಿಂದ ಬಂದ ಸಭ್ಯ ಯುವಕ. ಕಪ್ಪನೆಯದೊಂದು ಡಬ್ಬಿ ಮುಂದಿಟ್ಟ. ದೊಡ್ಡಪ್ಪ ಅಂಗೈಯಲ್ಲಿ ಕುಣಿಸಿ, "ಜೊಳ್ಳು" ಎಂದರು. "ಇರ್ಲಿ, ಸ್ಯಾಂಪಲ್‌ಗೆ ಒಂದು ತಗಳಾಣ" ಎಂದು ಹೆಗಲ ಟವೆಲ್ ತೆಗೆದು ತಮ್ಮ ಬಲಗೈ ಮೇಲೆ ಹಾಸಿಕೊಂಡು ಗಲ್ಲಾದ ಕಡೆ ಚಾಚಿದರು.

ಹಳೆಯ ದಲಾಲಿಗಳ ಪದ್ಧತಿ ಅದು. ಬೆಲೆಯನ್ನು ಬಾಯಿ ಬಿಟ್ಟು ಹೇಳುವುದು ಅವರಲ್ಲಿ ಹಗುರತನ. ಕೊಳ್ಳುವವನೂ ಮಾರುವವನೂ ಟವೆಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ವ್ಯಾಪಾರ ಮುಗಿಸುತ್ತಾರೆ. ಹೆಚ್ಚು ಬೆರಳು ಹಿಡಿದರೆ ಹೆಚ್ಚು ಬೆಲೆ. ಕೈ ಕುಲುಕಿದರೆ ವ್ಯಾಪಾರ ಕುದುರಿತು ಎಂದರ್ಥ. ಪಾಪ, ಆ ಯುವಕನಿಗೆ ಇದೆಲ್ಲ ಏನು ಗೊತ್ತು? ಹಿರಿಯರು ಪ್ರೀತಿಯಿಂದ ಕೈ ಕೊಡುತ್ತಿದ್ದಾರೆಂದು ತಿಳಿದು, ಟವೆಲಿನ ಕೆಳಗೆ ಕೈ ತೂರಿಸಿ, ಐದೂ ಬೆರಳನ್ನು ಬಾಚಿ ಹಿಡಿದು, ಜೋರಾಗಿ ಕುಲುಕಿಬಿಟ್ಟ.

ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು. ಆದರೂ ಮಾತಿಗೆ ತಪ್ಪುವ ಮನುಷ್ಯರಲ್ಲ. ಜೇಬಿನಿಂದ ಐದು ಬೆರಳಿನ ಹಣ ತೆಗೆದು ಎಣಿಸಿದರು. ಅಂಗಡಿಯಾತ ಗಾಬರಿಯಾಗಿ, "ಸರ್, ಇದಕ್ಕೆ ಅಷ್ಟು ರೇಟಿಲ್ಲ, ಅರ್ಧ ಸಾಕು" ಎಂದ.

"ಕೈ ಕುಲುಕಿದ ಮ್ಯಾಲೆ ಮುಗೀತು. ಮಾತು ತಿರುಗಿಸ್ಬ್ಯಾಡ!"

"ಬೇಡ ಸರ್, ದಯವಿಟ್ಟು ಕಡಿಮೆ ಕೊಡಿ."

"ವ್ಯಾಪಾರಕ್ಕೆ ಕೂತು ಹಿಂಗಾಡಿದ್ರೆ ಉದ್ಧಾರ ಆಗ್ತೀಯಾ? ತಗಳಪ್ಪ ಸುಮ್ನೆ!"

ದಾವಣಗೆರೆಯ ವ್ಯಾಪಾರದ ಇತಿಹಾಸದಲ್ಲಿ ಗಿರಾಕಿ ಜಾಸ್ತಿ ಕೊಡುತ್ತೇನೆಂದೂ ಅಂಗಡಿಯವನು ಕಡಿಮೆ ಸಾಕೆಂದೂ ಜಗಳವಾಡಿ ಜನ ಸೇರಿದ್ದು ಅದೊಂದೇ ಸಲ ಇರಬೇಕು. ಕೊನೆಗೆ ದೊಡ್ಡಪ್ಪ ಹಣವನ್ನು ಗಲ್ಲಾದ ಮೇಲೆ ಎಸೆದು, ಡಬ್ಬಿ ಎತ್ತಿಕೊಂಡು ಗೆದ್ದವರಂತೆ ಹೊರಬಂದರು. ಕಡಿಮೆ ಬೆಲೆಯ ಡಬ್ಬಿ ಹುಡುಕಿಕೊಂಡು ಹೋದವರು ನಾವು.

ಸರಸ್ವತಿ ನಗರದ ದೊಡ್ಡಪ್ಪನ ಮನೆಯ ಉಗ್ರಾಣವೇ ನಮ್ಮ ಸ್ಟುಡಿಯೋ. ಸುತ್ತ ಮೆಕ್ಕೆಜೋಳದ ಚೀಲಗಳು, ಸದ್ದು ತಡೆಯಲು ಬಾಗಿಲಿಗೆ ಇಳಿಬಿಟ್ಟ ಎರಡು ಕೌದಿ. ದೊಡ್ಡಪ್ಪ ಸ್ನಾನ ಮಾಡಿ, ವಿಭೂತಿ ಧರಿಸಿ, ಕೋಟು ಹಾಕಿಕೊಂಡು ಬಂದು ಚೀಲದ ಮೇಲೆ ಕೂತರು. ಕ್ಯಾಸೆಟ್ಟಿನಲ್ಲಿ ಬಟ್ಟೆ ಕಾಣಿಸುವುದಿಲ್ಲ ದೊಡ್ಡಪ್ಪ ಎಂದೆ. "ಕಾಣದಿದ್ರೂ ಗತ್ತು ಕೇಳ್ತೈತೆ" ಎಂದರು.

ಮೊದಲ ಪ್ರಯತ್ನದಲ್ಲಿ, "ಖ್ಯಾತ ವರ್ತಕರೂ ಕೊಡುಗೈ ದಾನಿಗಳೂ ಆದ" ಎಂಬಲ್ಲಿಗೆ ಬರುವಾಗ ಕೌದಿಯ ಹಿಂದಿನಿಂದ ದೊಡ್ಡಮ್ಮ ಕಿಸಕ್ಕನೆ ನಕ್ಕದ್ದು ಸ್ವಚ್ಛವಾಗಿ ದಾಖಲಾಯಿತು. ಎರಡನೆಯದರಲ್ಲಿ ಹೊತ್ತಿನ ಸಮಸ್ಯೆ ಎದ್ದಿತು. ಲಿಂಗೈಕ್ಯರಾದದ್ದು ಬೆಳಿಗ್ಗೆಯೋ ಸಂಜೆಯೋ?

"ಬೆಳಿಗ್ಗೆ ಅಂತ ಇಟ್ಕೋ" ಎಂದರು ದೊಡ್ಡಪ್ಪ. "ಸಂಜೆ ಆದ್ರೆ ಎಲ್ಲಾರೂ ಲೆಕ್ಕಕ್ಕೆ ಕೂತಿರ್ತಾರೆ, ಮಣ್ಣಿಗೆ ಒಬ್ಬನೂ ಬರಲ್ಲ. ಸಂತೆ ದಿನ ಅಂತೂ ಬ್ಯಾಡವೇ ಬ್ಯಾಡ."

"ರೀ, ಅದೇನು ನಿಮ್ಮ ಕೈಯಾಗೈತಾ?" ದೊಡ್ಡಮ್ಮ ಹೊರಗಿನಿಂದಲೇ ಕೇಳಿದರು.

ಇರಲಿ ಎಂದು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರನ್ನೂ ಬೇರೆ ಬೇರೆ ಹೇಳಿಸಿಟ್ಟುಕೊಳ್ಳುವುದೆಂದಾಯಿತು. ಮೂರನೆಯ ಪ್ರಯತ್ನದಲ್ಲಿ ಹರಾಜು ಕೂಗಿ ರೂಢಿಯಾದ ನಾಲಗೆ ಕೈಕೊಟ್ಟಿತು. "ಲಿಂಗೈಕ್ಯರಾಗಿದ್ದಾರೆಂದು ತಿಳಿಸಲು ವಿಷಾದಿಸುತ್ತೇವೆ" ಎಂದವರು ಅದೇ ಉಸಿರಿನಲ್ಲಿ "ಒಂದು ಸಾರಿ, ಎರಡು ಸಾರಿ" ಎಂದುಬಿಟ್ಟರು. ಮೂರು ಸಾರಿ ಎನ್ನುವ ಮೊದಲು ನಾನು ಟೇಪ್ ನಿಲ್ಲಿಸಿದೆ.

ಇವೆಲ್ಲ ದಾಟಿ ನಾಲ್ಕನೆಯ ಸಲ ಸರಾಗವಾಗಿ ಹೊರಟರು. "ಮೃತರು ಪತ್ನಿ, ಇಬ್ಬರು ಪುತ್ರಿಯರು, ಸಹೋದರರಾದ ಶ್ರೀ ಗುರುಬಸಪ್ಪ, ಶ್ರೀ..." ಎಂದು ನಿಂತರು. ಕೆಮ್ಮು ಬಂತು. ನೀರು ಕುಡಿದರು. ಮತ್ತೆ ಮೊದಲಿನಿಂದ ಬಂದರು. "ಶ್ರೀ ಗುರುಬಸಪ್ಪ, ಶ್ರೀ..." ಮತ್ತೆ ಕೆಮ್ಮು. ಆಮೇಲೆ ಡಬ್ಬಿಯನ್ನು ದಿಟ್ಟಿಸಿ ನೋಡಿ ಹೇಳಿದರು. "ಇದು ಸರಿ ಇಲ್ಲ. ಗುಂಯ್ ಅಂತೈತೆ. ಮಾತು ಒಳಗೆ ತಗಳವಲ್ದು."

ಪಂಡಿತನಾದ ನಾನು ಕಿವಿಯಿಟ್ಟು ಕೇಳಿದೆ. ಹೌದು, ಗುಂಯ್ ಎನ್ನುತ್ತಿತ್ತು. ಹಿರಿಯರು ಹೇಳಿದ ಮೇಲೆ ಯಾವ ಡಬ್ಬಿ ತಾನೆ ಗುಂಯ್ ಎನ್ನುವುದಿಲ್ಲ?

ಎರಡನೆಯ ಡಬ್ಬಿ ಆನೆಕೊಂಡದಲ್ಲಿ ಸಿಕ್ಕಿತು. ಮುಚ್ಚಿಹೋದ ಒಂದು ನಾಟಕ ಕಂಪನಿಯಲ್ಲಿ ಮೈಕು ನೋಡಿಕೊಳ್ಳುತ್ತಿದ್ದವರ ಮನೆಯ ಅಟ್ಟದ ಮೇಲಿತ್ತು. ಅದನ್ನು ಇಳಿಸಲು ಇಬ್ಬರು ಬೇಕಾದರು. ದೊಡ್ಡಪ್ಪ ಎತ್ತಲು ಹೋಗಿ ಎತ್ತಲಾಗದೆ, ಕಣ್ಣರಳಿಸಿ, "ಇದು ನೋಡಪ್ಪ ಕಾಳು ಅಂದ್ರೆ" ಎಂದರು. ಈ ಸಲ ಟವೆಲ್ ತೆಗೆಯಲು ನಾನು ಬಿಡಲಿಲ್ಲ. ಬಾಯಲ್ಲೇ ಚೌಕಾಸಿ ಮಾಡಿಸಿದೆ. ದೊಡ್ಡಪ್ಪನಿಗೆ ನಡುಬೀದಿಯಲ್ಲಿ ಮಾನ ಹೋದಂತಾಯಿತು, ಆದರೆ ಡಬ್ಬಿ ಸಸ್ತಾಕ್ಕೆ ಬಂತು.

ಅದಕ್ಕೊಂದು ಎಕೋ ಗುಂಡಿಯಿತ್ತು. ರಾಜ ದರ್ಬಾರು ಮತ್ತು ಆಕಾಶವಾಣಿಯಾಗುವ ದೃಶ್ಯಕ್ಕೆ ಬಳಸುತ್ತಿದ್ದರಂತೆ. ಉಗ್ರಾಣದಲ್ಲಿಟ್ಟು ತಿರುಗಿಸಿದ್ದೇ ತಡ, "ಲಿಂಗೈಕ್ಯರಾಗಿದ್ದಾರೆ, ದ್ದಾರೆ, ದ್ದಾರೆ" ಎಂದು ಮನೆಯೆಲ್ಲ ಮೊಳಗಿತು. ದೊಡ್ಡಪ್ಪ ಪರವಶರಾಗಿ ಕೂತಿದ್ದರು. ದೊಡ್ಡಮ್ಮ ಕೌದಿ ಸರಿಸಿ ಒಳಗೆ ಬಂದು, "ಇದೇನು ಒಬ್ಬರು ಸತ್ತಂಗಿಲ್ಲ, ಒಂದು ಬಸ್ಸು ಹಳ್ಳಕ್ಕೆ ಬಿದ್ದಂಗೈತೆ" ಎಂದರು. ಎಕೋ ಆರಿಸಬೇಕಾಯಿತು.

ಬಂದ ದೊಡ್ಡಮ್ಮ ಹೊರಗೆ ಹೋಗಲಿಲ್ಲ. ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದು ಮೂಲೆಯ ಚೀಲದ ಮೇಲೆ ಕೂತರು. ದೊಡ್ಡಪ್ಪ ಶುರು ಮಾಡಿದರು. ವರ್ತಕರು ಆಯಿತು, ದಾನಿಗಳು ಆಯಿತು, ನಮ್ಮಪ್ಪನ ಹೆಸರು ಆಯಿತು, ಶ್ರೀ ಎಂದರು, ಕೆಮ್ಮಿದರು. ಮತ್ತೊಮ್ಮೆ. ಇನ್ನೊಮ್ಮೆ. "ಇದೂ ಸರಿ ಇಲ್ಲಲೇ ಮಂಜಾ. ಮಾತು ಮುರೀತೈತೆ."

ನಾನು ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿಸಿ ಮತ್ತೆ ಹಾಕಿದೆ. ಮೂಲೆಯಲ್ಲಿ ದೊಡ್ಡಮ್ಮ ಮಂಡಕ್ಕಿ ಅಗಿದದ್ದು ಕರಕರ ಎಂದು ಕೇಳಿತು. ನಡುವೆ ಕಡಿದ ಹಸಿಮೆಣಸಿನಕಾಯಿ ಕೂಡ ಕೇಳಿತು. ಹೊರಗೆ ಮೂರು ಮನೆಯಾಚೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದುದು ಕೇಳಿತು. ದೊಡ್ಡಮ್ಮ ತಟ್ಟೆ ಕೆಳಗಿಟ್ಟರು.

"ಮಂಡಕ್ಕಿ ಅಗಿದಿದ್ದು ಕೇಳ್ತೈತೆ, ನಿಮ್ಮ ತಮ್ಮನ ಹೆಸರು ಮಾತ್ರ ಕೇಳವಲ್ದು. ಡಬ್ಬಿ ಕೆಟ್ಟಿಲ್ಲ ರೀ, ನಿಮ್ಮ ಗಂಟಲು ಕೆಟ್ಟೈತೆ. ಕೊಟ್ರೇಶಿ ಹೆಸರು ಬ್ಯಾಡಾಗಿದ್ರೆ ಬಿಟ್ಟು ಹೇಳ್ರಿ, ಯಾರು ಬ್ಯಾಡ ಅಂದೋರು?"

ದೊಡ್ಡಪ್ಪ ಮೈಕನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಬಿಟ್ರೆ ಹೆಂಗೆ?" ಎಂದರು. "ನಾನು ಹೋದ ದಿನ ಅವನು ಇದನ್ನ ಕೇಳ್ತಾನಲ್ಲ. ಅಣ್ಣ ಕೊನೇಗೂ ನನ್ನ ಹೆಸರು ಹೇಳ್ಲಿಲ್ಲ ಅಂತ ಕೂತು ಬಿಡ್ತಾನೆ. ಆವಾಗ ನಾನು ಎದ್ದು ಬಂದು ಹೇಳಾಕಾಗಲ್ಲ."

ಅದನ್ನು ಕೇಳಿ ನನಗೆ ನಿಜವಾಗಿಯೂ ಸಂಕಟವಾಯಿತು. ಅಷ್ಟು ದಿನವೂ ನಾನು ಇದನ್ನೊಂದು ತಮಾಷೆ ಎಂದುಕೊಂಡು ಪಿನ್ನು ಚುಚ್ಚಿ ತೆಗೆದು ಮಾಡುತ್ತಿದ್ದೆ. ಈ ಮನುಷ್ಯನಿಗೆ ತನ್ನ ಸಾವು ಹೇಳಲು ಯಾವ ತೊಂದರೆಯೂ ಇರಲಿಲ್ಲ, ಎಕೋ ಹಾಕಿಯೇ ಹೇಳುತ್ತಿದ್ದರು. ಒಂದು ಹೆಸರು ಹೇಳಲು ಆಗುತ್ತಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳುವ ಜಾತಿಯೂ ಅಲ್ಲ. ಮರುದಿನ ಬೆಳಿಗ್ಗೆ ಎದ್ದವರೇ ಎಲ್ಲಿಯೋ ನೋಡುತ್ತ ನನಗೆ ಹೇಳಿದರು. "ಹರಿಹರದಾಗೆ ಯಾವನೋ ಒಬ್ಬ ಮೈಕ್‌ಸೆಟ್ಟಿನೋನು ಅದಾನಂತೆ. ತಾನೇ ಡಬ್ಬಿ ಕಟ್ತಾನಂತೆ, ಸಸ್ತಾಕ್ಕೆ ಕೊಡ್ತಾನಂತೆ. ಒಂದು ಸಲ ನೋಡ್ಕೊಂಡ್ ಬರಾಣ."

ಯಾವನೋ ಒಬ್ಬ! ದೊಡ್ಡಮ್ಮ ನನ್ನ ಕಡೆ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಆ ಭಾರದ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು, ಅದರಲ್ಲಿ ಟೇಪ್ ಮಾಡಿದ್ದ ಕ್ಯಾಸೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ಬಸ್ ಹತ್ತಿದೆವು. ದಾವಣಗೆರೆಯಿಂದ ಹರಿಹರಕ್ಕೆ ಎಷ್ಟು ದೂರ? ಸೀಟು ಹಿಡಿದು ಕೂತು ಟಿಕೆಟ್ಟಿನ ಚಿಲ್ಲರೆ ಕೇಳುವಷ್ಟರಲ್ಲಿ ಊರು ಬಂದಿರುತ್ತದೆ. ಅಷ್ಟು ದೂರ ಹೋಗಲು ದೊಡ್ಡಪ್ಪನಿಗೆ ಅಷ್ಟು ವರ್ಷ ಹಿಡಿದಿತ್ತು. ಅಂಗಡಿ ಕಾಣುತ್ತಲೇ ಎದುರು ಬದಿಯ ಚಹದ ಹೋಟೆಲಿನ ಮುಂದೆ ನಿಂತು, ಛತ್ರಿ ಬಿಚ್ಚಿ, ಬೆನ್ನು ತಿರುಗಿಸಿದರು. "ನನ್ನ ಹೆಸರು ಹೇಳ್ಬ್ಯಾಡ. ದಾವಣಗೆರೆ ಪಾರ್ಟಿ ಅನ್ನು, ಸಾಕು."

ಚಿಕ್ಕಪ್ಪ ಗುಡ್ಡೆ ಹಾಕಿದ ಹಾರ್ನುಗಳ ನಡುವೆ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದರು. ನನ್ನನ್ನು ನೋಡಿ, "ಏನೋ ಮಂಜಾ, ದಾರಿ ತಪ್ಪಿ ಬಂದ್ಯಾ?" ಎಂದರು. ಸಾವಿನ ಸುದ್ದಿ ಹೇಳುವುದಕ್ಕೆ ಒಂದು ಡಬ್ಬಿ ಬೇಕು, ದಾವಣಗೆರೆ ಪಾರ್ಟಿ ಎಂದೆ. ಅವರ ಕಣ್ಣು ನನ್ನ ಭುಜದ ಮೇಲಿಂದ ರಸ್ತೆ ದಾಟಿ ಛತ್ರಿಯ ತನಕ ಹೋಗಿ ಬಂತು.

"ಪಾರ್ಟಿಗೆ ಬಿ.ಪಿ. ಐತೆ. ಬಿಸಿಲಾಗೆ ನಿಲ್ಬ್ಯಾಡ ಅಂತ ಹೇಳು" ಎಂದಷ್ಟೇ ಹೇಳಿ, ಕ್ಯಾಸೆಟ್ ತೆಗೆದುಕೊಂಡು ಟೇಪಿಗೆ ಹಾಕಿದರು.

ಅವರು ಆಗಷ್ಟೇ ಯಾರದೋ ಹಾರ್ನು ರಿಪೇರಿ ಮಾಡಿ ಪರೀಕ್ಷೆಗೆಂದು ಹೊರಗೆ ತೂಗುಹಾಕಿದ್ದರು. ವೈರು ಇನ್ನೂ ಟೇಪಿಗೇ ಇತ್ತು. ಹಾಗಾಗಿ ದೊಡ್ಡಪ್ಪ ಲಿಂಗೈಕ್ಯರಾದ ಸುದ್ದಿ ದೊಡ್ಡಪ್ಪನದೇ ಧ್ವನಿಯಲ್ಲಿ ಹರಿಹರದ ಆ ಬೀದಿಗೆಲ್ಲ ಬಿತ್ತರವಾಯಿತು. ಚಿಕ್ಕಪ್ಪನ ಕೈಯಿಂದ ಸ್ಕ್ರೂಡ್ರೈವರ್ ಬಿತ್ತು. ಎದುರಿಗೇ ಅಣ್ಣ ನಿಂತಿದ್ದರೂ ಎದ್ದು ಬಾಗಿಲಿಗೆ ಬಂದು, ಛತ್ರಿಯ ಕೆಳಗಿನ ಕಾಲುಗಳು ಅಲ್ಲಾಡುತ್ತಿವೆಯೇ ಎಂದು ನೋಡಿ ಖಾತ್ರಿ ಮಾಡಿಕೊಂಡು ಹೋಗಿ ಕೂತರು.

ಹೋಟೆಲಿನಲ್ಲಿದ್ದವರು ಲೋಟ ಕೆಳಗಿಟ್ಟು ಎದ್ದು ನಿಂತರು. ಮಾಲೀಕರು ಒಂದು ಕುರ್ಚಿ ತಂದು ದೊಡ್ಡಪ್ಪನ ಪಕ್ಕ ಇಟ್ಟರು. ಅಲ್ಲಿ ನಡೆದ ಮಾತನ್ನು ಆಮೇಲೆ ಅವರೇ ನನಗೆ ಹೇಳಿದ್ದು. "ಕೂಡ್ರಿ ಯಜಮಾನ್ರೆ. ಕಣ್ಣಾಗೆ ನೀರು ಬಂದೈತೆ. ತೀರಿಕೊಂಡೋರು ನಿಮಗೆ ಹತ್ರದೋರಾ?"

"ಹೂಂ. ಬಾಳ ಹತ್ರ."

"ವಯಸ್ಸಾಗಿತ್ತಾ?"

"ನನ್ನಷ್ಟೇ."

"ಮನುಷ್ಯ ಹೆಂಗಿದ್ರು?"

ದೊಡ್ಡಪ್ಪ ಸ್ವಲ್ಪ ಯೋಚಿಸಿದರು. "ಒಳ್ಳೇಯೋರೆ. ಹಟ ಜಾಸ್ತಿ."

ಕ್ಯಾಸೆಟ್ ಮುಂದುವರಿಯಿತು. ಶ್ರೀ ಗುರುಬಸಪ್ಪ, ಶ್ರೀ, ಕೆಮ್ಮು. ಮತ್ತೆ ಮೊದಲಿನಿಂದ. ಶ್ರೀ ಗುರುಬಸಪ್ಪ, ಶ್ರೀ, ಕೆಮ್ಮು. ಡಬ್ಬಿ ಸರಿ ಇಲ್ಲ ಎಂಬ ಗೊಣಗು. ಮಂಡಕ್ಕಿ. ಮತ್ತೆ ಶ್ರೀ. ನಾನು ನಿಲ್ಲಿಸಲು ಕೈ ಚಾಚಿದರೆ ಚಿಕ್ಕಪ್ಪ ತಡೆದರು. ಒಂದನ್ನೂ ಬಿಡದೆ ಎಲ್ಲವನ್ನೂ ಕೇಳಿದರು. ಕ್ಯಾಸೆಟ್ ಟಕ್ ಎಂದು ನಿಂತ ಮೇಲೆ ಅದನ್ನು ಹೊರತೆಗೆದು, ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡು, ಹಾರ್ನಿನ ವೈರು ಕಿತ್ತರು.

"ಡಬ್ಬಿ ಚೆನ್ನಾಗೇ ಐತಲ್ಲೋ" ಎಂದರು. ಬಿದ್ದಿದ್ದ ಸ್ಕ್ರೂಡ್ರೈವರ್ ಎತ್ತಿಕೊಂಡರು. "ಪಾರ್ಟಿನ ಕರ್ಕೊಂಬಾ. ದನಿ ನೋಡಿ ಡಬ್ಬಿ ಕೂಡಿಸ್ಬೇಕು. ದೂರದಾಗೆ ನಿಂತ್ರೆ ಆಗಲ್ಲ."

ದೊಡ್ಡಪ್ಪ ಬಂದರು. ಛತ್ರಿ ಮಡಚಿ, ತಮ್ಮನನ್ನು ಬಿಟ್ಟು ಅಂಗಡಿಯ ಎಲ್ಲವನ್ನೂ ನೋಡಿದರು. ಚಿಕ್ಕಪ್ಪ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಮುಂದೆ ತಳ್ಳಿದರು. ಅದರೊಳಗೇ ಎಲ್ಲ ಜೋಡಿಸಿ, ಮುಚ್ಚಳಕ್ಕೆ ತೂತು ಕೊರೆದು ಗುಂಡಿಯನ್ನೂ ಧ್ವನಿ ತೋರಿಸುವ ಒಂದು ಮುಳ್ಳನ್ನೂ ಕೂರಿಸಿದ್ದರು. ದೊಡ್ಡಪ್ಪ ಎತ್ತಿ ಅಂಗೈಯಲ್ಲಿ ಕುಣಿಸಿದರು. ಗಾಳಿಗೆ ಹಾರಿಹೋಗುವಷ್ಟು ಹಗುರ. ಈಗ ಜೊಳ್ಳು ಎನ್ನುತ್ತಾರೆ ಎಂದುಕೊಂಡೆ.

"ರೇಟೆಷ್ಟಂತೆ ಕೇಳೋ" ಎಂದರು ನನಗೆ.

"ಅವ್ರೇ ಹೇಳಿದ್ರಾತು ಅನ್ನು" ಎಂದರು ಚಿಕ್ಕಪ್ಪ, ಅವರೂ ನನಗೇ.

ದೊಡ್ಡಪ್ಪ ಟವೆಲ್ ತೆಗೆದು ಬಲಗೈ ಮೇಲೆ ಹಾಸಿ ಚಾಚಿದರು. ಚಿಕ್ಕಪ್ಪನೂ ಮಂಡಿಯಲ್ಲೇ ಬೆಳೆದವರು. ಅಂಗಿಗೆ ಕೈ ಒರೆಸಿಕೊಂಡು ಟವೆಲಿನ ಕೆಳಗೆ ತೂರಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಮಂಡಿಯಲ್ಲಿ ಈ ವ್ಯಾಪಾರ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಇದು ಮುಗಿಯಲೇ ಇಲ್ಲ. ಟವೆಲು ಒಂದೆರಡು ಸಲ ನಡುಗಿತು. ಯಾರು ಯಾರ ಬೆರಳು ಹಿಡಿದರು, ಎಷ್ಟಕ್ಕೆ ಕುದುರಿತು, ನನಗೆ ಇವತ್ತಿಗೂ ಗೊತ್ತಿಲ್ಲ. ಕೈ ಹೊರಗೆ ಬಂದಾಗ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದರು.

ಚಿಕ್ಕಪ್ಪ ಸ್ಟೂಲು ಒರೆಸಿ ಕೊಟ್ಟರು. ಮೈಕನ್ನು ಅಣ್ಣನ ಬಾಯಿಯ ಎತ್ತರಕ್ಕೆ ತಗ್ಗಿಸಿ, ಡಬ್ಬಿಗೆ ಪಿನ್ನು ಚುಚ್ಚಿ, ಗುಂಡಿಯ ಮೇಲೆ ಕೈಯಿಟ್ಟು ಕೂತರು. "ಆ ಹೆಸರು ಬರೋ ಕಡೆಯಿಂದ ಹೇಳಿದ್ರೆ ಸಾಕು. ಉಳಿದಿದ್ದೆಲ್ಲ ಚೆನ್ನಾಗಿ ಬಂದೈತೆ."

ದೊಡ್ಡಪ್ಪ ಗಂಟಲು ಸರಿ ಮಾಡಿಕೊಂಡರು. "ಸಹೋದರರಾದ ಶ್ರೀ ಗುರುಬಸಪ್ಪ, ಶ್ರೀ..." ನಿಂತರು. ಈ ಸಲ ಕೆಮ್ಮು ಬರಲಿಲ್ಲ. ಮೈಕನ್ನು ಬಿಟ್ಟು ತಮ್ಮನ ಮುಖ ನೋಡಿದರು. "...ಶ್ರೀ ಕೊಟ್ರೇಶಪ್ಪ."

ಡಬ್ಬಿಯ ಮುಳ್ಳು ಚಂಗನೆ ಎದ್ದು ಕೂತಿತು. ಒಂದು ಚೂರು ಗುಂಯ್ ಇಲ್ಲ. ನನಗೆ ಕುಣಿದುಬಿಡುವಷ್ಟು ಸಂತೋಷವಾಯಿತು. ಆದರೆ ಚಿಕ್ಕಪ್ಪ ತಲೆ ತಗ್ಗಿಸಿಕೊಂಡೇ ಹೇಳಿದರು. "ಸರಿಯಾಗಿ ಬರ್ಲಿಲ್ಲಣ್ಣ. ಇನ್ನೊಂದ್ಸಲ ಹೇಳು."

"ಕೊಟ್ರೇಶಪ್ಪ."

"ಇನ್ನೂ ಗುಂಯ್ ಅಂತೈತೆ."

"ಕೊಟ್ರೇಶಿ."

"ಸ್ವಲ್ಪ ಹತ್ರ ಬಂದು."

"ಲೇ ಕೊಟ್ರಾ."

ನಾನು ಟೇಪಿನ ಕಡೆ ನೋಡಿದೆ. ಅದರ ಬಾಗಿಲು ತೆರೆದೇ ಇತ್ತು. ಒಳಗೆ ಕ್ಯಾಸೆಟ್ಟೇ ಇರಲಿಲ್ಲ. ದೊಡ್ಡಪ್ಪನೂ ಅಲ್ಲಿಗೇ ನೋಡುತ್ತಿದ್ದರು. ಒಂದು ಚೀಲ ಕಾಳಿನಲ್ಲಿ ಹುಳುಕಿನ ಒಂದು ಕಾಳನ್ನು ದೂರದಿಂದಲೇ ಕಾಣುವ ಕಣ್ಣು ಅವರದು.

ಚಿಕ್ಕಪ್ಪ ಗುಂಡಿಯನ್ನು ಸುಮ್ಮನೆ ಅತ್ತ ಇತ್ತ ತಿರುಗಿಸುತ್ತ, "ಇನ್ನೊಂದ್ಸಲ" ಎಂದರು.

ದೊಡ್ಡಪ್ಪ ಸ್ಟೂಲನ್ನು ಮೈಕಿನ ಹತ್ತಿರಕ್ಕೆ ಎಳೆದುಕೊಂಡು, ಮತ್ತೆ ಹೇಳಿದರು.